ಗಲ್ಲಾಪೆಟ್ಟಿಗೆಯಲ್ಲಿ ಸಿಕ್ಕ ಮೆಕ್ಸಿಕೊ ರೂಪಾಯಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಸಾಫ್ಟ್‌ವೇರ್ ಕೆಲಸದ ಬಗ್ಗೆ ಮಾತಾಡು ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರು. ಕ್ಷಮಿಸಬೇಕು, ನಾನು ಚಿಲ್ಲರೆ ಕಾಸಿನ ಬಗ್ಗೆ ಮಾತಾಡುತ್ತೇನೆ.

ನಮ್ಮಪ್ಪನ ದಿನಸಿ ಅಂಗಡಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮಧುಗಿರಿ, ಪಾವಗಡ ಕಡೆಯ ಬಸ್ ಕಂಡಕ್ಟರುಗಳು ಅಲ್ಲಿ ಚಿಲ್ಲರೆ ಸುರಿದು ನೋಟು ಒಯ್ಯುತ್ತಿದ್ದರು. ರಾತ್ರಿ ಬಾಗಿಲು ಹಾಕಿದ ಮೇಲೆ ಐವತ್ತೈವತ್ತು ನಾಣ್ಯ ಪೇರಿಸಿ ಹಳೇ ಪೇಪರಿನಲ್ಲಿ ಸುರುಳಿ ಸುತ್ತುವುದು ನನ್ನ ಕೆಲಸ. ಒಂಬತ್ತನೇ ತರಗತಿಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು, “ಇಸವಿಯ ಕೆಳಗೆ ನೋಡ್ರೋ” ಅಂದರು. ವಜ್ರದಾಕಾರವಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕಿಯಿದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಅಂದಿನಿಂದ ಸುತ್ತಿದ ಸುರುಳಿಯನ್ನೂ ಬಿಚ್ಚಿ ನೋಡುವ ಹುಚ್ಚು ಹಿಡಿಯಿತು. ಅಪ್ಪ ಬೈದದ್ದಕ್ಕೆ ಲೆಕ್ಕವಿಲ್ಲ.

ಒಂದು ರಾತ್ರಿ 1997ರ ಒಂದು ರೂಪಾಯಿ ಸಿಕ್ಕಿತು. ಇಸವಿಯ ಕೆಳಗೆ ಇಂಗ್ಲಿಷಿನ ‘ಎಂ’, ಪಕ್ಕದಲ್ಲಿ ಪುಟ್ಟ ಸೊನ್ನೆ. ಮುಂಬೈ ಇರಬೇಕು ಅಂದೆ. “ವಜ್ರ ಎಲ್ಲಿದೆ? ಹುಡುಕು” ಅಂದರು ಮೇಷ್ಟ್ರು. ಉತ್ತರ ಸಿಕ್ಕಿದ್ದು ಬಿ.ಇ. ಓದುವಾಗ, ಒಂದು ನಾಣ್ಯ ಕ್ಯಾಟಲಾಗಿನಲ್ಲಿ: ಮೆಕ್ಸಿಕೊ ನಗರ! ನಮ್ಮ ಸರ್ಕಾರ ಆಗಾಗ ಹೊರದೇಶದಲ್ಲೂ ನಾಣ್ಯ ಅಚ್ಚು ಹಾಕಿಸಿದೆ. 1985ರ ರೂಪಾಯಿಯಲ್ಲಿ ‘ಎಚ್’ ಕಂಡರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನದು. ಇವು ಭಾರಿ ಬೆಲೆಯವೇನಲ್ಲ. ಆದರೂ ಮೆಕ್ಸಿಕೊದ್ದನ್ನು ಇವತ್ತಿಗೂ ಖರ್ಚು ಮಾಡಿಲ್ಲ.

ಹೋದ ವರ್ಷ ಊರಿಗೆ ಬಂದಾಗ ಪಕ್ಕದ ಬೀದಿಯ ಅಜ್ಜಿಯೊಬ್ಬರು ಬಟ್ಟೆಗಂಟು ಹಿಡಿದು ಬಂದರು. ಅದರಲ್ಲಿ ವೈಷ್ಣೋದೇವಿ ಚಿತ್ರದ ಐದು ರೂಪಾಯಿ. ಅದಕ್ಕೆ ಹತ್ತು ಲಕ್ಷ ಕೊಡುತ್ತೇವೆಂದು ಮೊಬೈಲಿನಲ್ಲಿ ಯಾರೋ ಹೇಳಿ, ‘ನೋಂದಣಿ ಶುಲ್ಕ’ ಎಂದು ಎರಡು ಸಲ ಹಣ ಹಾಕಿಸಿಕೊಂಡಿದ್ದರು. ಹುಣಸೆಹಣ್ಣು ಬಡಿದ ಕೂಲಿ ದುಡ್ಡು ಅದು. ಆ ನಾಣ್ಯ 2012ರಲ್ಲಿ ವೈಷ್ಣೋದೇವಿ ಮಂದಿರ ಮಂಡಳಿಯ ಬೆಳ್ಳಿಹಬ್ಬಕ್ಕೆ ಬಂದದ್ದು, ಅಷ್ಟೆ.

“ಹಂಗಾರೆ ಇದು ಐದೇ ರೂಪಾಯಾ ಮಗಾ?”

“ಹೂಂ ಅಜ್ಜಿ.”

ಅಷ್ಟು ಹೇಳುವುದಕ್ಕೆ ಗಂಟಲು ಕಟ್ಟಿತು. ಹಳೇ ನಾಣ್ಯದ ವ್ಯವಹಾರಕ್ಕೆ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ, ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿತ್ತು. ಅದು ನಮ್ಮ ಬೀದಿಗೆ ತಲುಪಿರಲಿಲ್ಲ. 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. ತಡವಾಗಿತ್ತು, ದುಡ್ಡು ಬರಲಿಲ್ಲ.

ಗಂಟು ಕಟ್ಟುವಾಗ ಅದರಿಂದ ಇನ್ನೊಂದು ಜಾರಿತು. ಕಪ್ಪಾದ ತಾಮ್ರದ ಬಿಲ್ಲೆ. “ಅದು ಸವೆದೋಗೈತೆ, ಬೇಡ ಅಂದ ಮೊಮ್ಮಗ” ಅಂದರು. ಬೆಳಕಿಗೆ ಹಿಡಿದೆ. ಒಂದು ಕಡೆ ಆನೆ, ಮೇಲೆ ‘ಶ್ರೀ’. ಇನ್ನೊಂದು ಕಡೆ ಕನ್ನಡದಲ್ಲಿ ‘ಮಯಿಲಿ ಕಾಸು’. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸು! ಲಕ್ಷ ಬಾಳುವುದಿಲ್ಲ ಅಜ್ಜಿ, ಆದರೆ ಅಸಲಿ, ಜೋಪಾನ ಅಂದೆ. ಅವರ ಮುಖ ಅರಳಿತು: “ಹುಣಸೇಹಣ್ಣಲ್ಲಿ ತಿಕ್ಕಿ ಫಳಫಳ ಮಾಡಲಾ?”

ನಾನು ಕೂಗಿಕೊಂಡ ಸದ್ದಿಗೆ ನಮ್ಮಮ್ಮ ಒಳಗಿನಿಂದ ಓಡಿ ಬಂದರು. ತಿಕ್ಕಿದರೆ ಅಕ್ಷರವೂ ಹೋಗುತ್ತದೆ, ಇದ್ದ ಬೆಲೆಯೂ ಹೋಗುತ್ತದೆ.

ಊಟವಾದ ಮೇಲೆ ಎಂಟನೇ ತರಗತಿ ಕೊಠಡಿಯಲ್ಲಿ ಭೂತಗನ್ನಡಿ ಇಟ್ಟುಕೊಂಡು ಕೂತಿರುತ್ತೇನೆ. ಮನೆಯಲ್ಲಿ ಹಳೇ ಕಾಸಿದ್ದರೆ ತನ್ನಿ. ತೊಳೆಯದೆ ತನ್ನಿ.