ಇಕ್ಕಟ್ಟಿನ ಬಚ್ಚಲುಮನೆಯನ್ನು ಸರಿಮಾಡಿಕೊಳ್ಳುವ ಬಗೆ

(ಜಾವಳಿಯಲ್ಲಿ ರೈತಬಾಂಧವರ ಮುಂದೆ ಮಾಡಿದ ಭಾಷಣ)



ಗೊಬ್ಬರದ ವಿಷಯವನ್ನೋ ಬಿಳಿ ಕಾಂಡಕೊರಕದ ವಿಷಯವನ್ನೋ ಕೇಳೋಣವೆಂದು ಬಂದ ತಮ್ಮ ಮುಂದೆ ಬಚ್ಚಲುಮನೆಯ ಮಾತನ್ನು ತೆಗೆದರೆ ಕೆಲವರಿಗೆ ನಗು ಬರಬಹುದು. ಬರಲಿ. ಕಾಫಿ ಒಣಗಿಸುವ ಕಣಕ್ಕೆ ಸಿಮೆಂಟು ಹಾಕಿಸಿ ಕನ್ನಡಿಯಂತೆ ಇಟ್ಟುಕೊಂಡಿರುವ ಮನೆಗಳಲ್ಲೇ ಹಿತ್ತಲ ಕಡೆಗೆ ಹೋಗಿ ನೋಡಿದರೆ, ಮೂರಡಿಗೆ ನಾಲ್ಕಡಿಯ ಕತ್ತಲ ಗೂಡೊಂದು ಬಚ್ಚಲು ಎನ್ನಿಸಿಕೊಂಡು ನಿಂತಿರುತ್ತದೆ. ಅದರೊಳಗೆ ಹಂಡೆ, ಒಲೆ, ಸೌದೆ, ತಣ್ಣೀರಿನ ಡ್ರಮ್ಮು. ಉಳಿದ ಜಾಗದಲ್ಲಿ ಮನುಷ್ಯ! ಕಾಫಿಬೀಜಕ್ಕೆ ಕೊಟ್ಟಷ್ಟು ಜಾಗವನ್ನು ನಾವು ಹೆತ್ತ ತಾಯಿಗೆ ಕೊಟ್ಟಿಲ್ಲ.

ನಮ್ಮದು ಮಳೆಯ ಸೀಮೆ. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ತೋಟದಿಂದ ಬಂದವನು ತೊಯ್ದು, ಕೆಸರಾಗಿ, ಇಂಬಳ ಕಚ್ಚಿಸಿಕೊಂಡು ಬರುತ್ತಾನೆ. ಬೇಸಗೆಗೆ ಮುಂಚೆ ತರಗು ಗುಡಿಸಲು ಕಾಡಿಗೆ ಹೋದ ಹೆಂಗಸರ ಮೈಗೆ ಉಣ್ಣೆ ಹತ್ತುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಈ ಉಣ್ಣೆಯಿಂದಲೇ ಹರಡತಕ್ಕದ್ದು. ಈಚಿನ ವರ್ಷಗಳಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಅದು ಕಾಣಿಸಿಕೊಂಡಿದೆ. ಕಾಡಿನಿಂದ ಬಂದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಮೈ ತೊಳೆದುಕೊಳ್ಳಿ, ಉಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಎಂದು ಆರೋಗ್ಯ ಇಲಾಖೆಯವರು ಹೇಳುತ್ತಾರೆ. ಸರಿಯಾದ ಮಾತು. ಆದರೆ ಬಾಗಿಲಿಲ್ಲದ ಬಚ್ಚಲಿನಲ್ಲಿ ಹೆಂಗಸು ಹಗಲು ಸ್ನಾನ ಮಾಡುವುದೆಂತು? ಕತ್ತಲಾಗಲಿ ಎಂದು ಕಾಯುತ್ತಾಳೆ. ಅಷ್ಟು ಹೊತ್ತೂ ಉಣ್ಣೆ ಮೈಮೇಲೆಯೇ ಇರುತ್ತದೆ.

ಅಮೆರಿಕ ದೇಶದಲ್ಲಿ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಚಕ್ರದ ಮನೆಗಳುಂಟು. ಅಡಿಗೆ, ನಿದ್ದೆ, ಸ್ನಾನ ಎಲ್ಲವೂ ಅದರೊಳಗೇ. ಅವುಗಳಲ್ಲಿ ಹಲವಕ್ಕೆ ಒಂದು ಪುಟ್ಟ ತೊಟ್ಟಿಯನ್ನಿಟ್ಟು, ಅದರೊಳಗೆ ನಿಂತು ಷವರಿನ ಸ್ನಾನ ಮಾಡುವಂತೆ ಕಟ್ಟಿರುತ್ತಾರೆ. ತೊಟ್ಟಿ ನೆಲದಿಂದ ಎತ್ತರವಾದ್ದರಿಂದ ಉದ್ದನೆಯವನ ತಲೆ ಮಾಡಿಗೆ ಬಡಿಯುತ್ತದೆ, ತಿರುಗಿದರೆ ಮೊಣಕೈ ಗೋಡೆಗೆ. ಬುದ್ಧಿವಂತರಾದ ಮಾಲೀಕರು ತೊಟ್ಟಿಯನ್ನೇ ಕಿತ್ತುಹಾಕಿ, ಅಂಚು ಕಟ್ಟಿದ ತಗ್ಗಿನ ತಟ್ಟೆಯಂಥ ನೆಲವನ್ನು ಕೂರಿಸುತ್ತಾರೆ. ಗೋಡೆ ಅಲ್ಲಿಯೇ ಇರುತ್ತದೆ, ಜಾಗ ಮಾತ್ರ ಹೆಚ್ಚುತ್ತದೆ. ಇದನ್ನು ಏಕೆ ಹೇಳಿದೆನೆಂದರೆ, ನಮ್ಮ ಬಚ್ಚಲಿನಲ್ಲೂ ಜಾಗ ತಿನ್ನುತ್ತಿರುವುದು ಗೋಡೆಯಲ್ಲ, ಒಳಗೆ ಕುಳಿತಿರುವ ಒಲೆ.

ಆದುದರಿಂದ ಮೊದಲ ಕೆಲಸ ಒಲೆಯ ಬಾಯಿಯನ್ನು ಹೊರಕ್ಕೆ ತಿರುಗಿಸುವುದು. ಹಂಡೆಯನ್ನು ಹೊರಗೋಡೆಗೆ ಒತ್ತಿ, ಅರ್ಧ ಗೋಡೆಯ ದಪ್ಪದೊಳಗೇ ಸೇರುವಂತೆ ಜಂಬಿಟ್ಟಿಗೆಯ ಕಟ್ಟೆಯಲ್ಲಿ ಕೂರಿಸಿರಿ. ಬೆಂಕಿ ಹಾಕುವ ಬಾಯಿ ಮನೆಯ ಹೊರಮಗ್ಗುಲಿಗೆ ಇರಲಿ. ಅದರ ಮೇಲೆ ನಾಲ್ಕು ಹೆಂಚಿನ ಸಣ್ಣ ಇಳಿಮಾಡು ಇಳಿಸಿದರೆ ಮಳೆಗಾಲದಲ್ಲಿ ಸೌದೆಯೂ ಒಣಗಿರುತ್ತದೆ, ಉರಿ ಹಾಕುವವರ ತಲೆಯೂ ನೆನೆಯುವುದಿಲ್ಲ. ಹಂಡೆಯ ಸುತ್ತ ಒಂದರಿಂದ ಒಂದೂವರೆ ಇಂಚು ಸಂದು ಬಿಟ್ಟರೆ ಉರಿ ಬುಡಕ್ಕೆ ಮಾತ್ರ ತಾಗದೆ ಸುತ್ತಲೂ ಆಡಿಕೊಂಡು ಹೋಗುತ್ತದೆ. ಸೌದೆಯ ಕೆಳಗೆ ಕಬ್ಬಿಣದ ಸರಳಿನ ಜಾಲರಿ, ಅದರ ಕೆಳಗೆ ಬೂದಿಗುಂಡಿ. ಹೊಗೆ ಹೋಗಲು ನಾಲ್ಕಿಂಚಿನ ಕೊಳವೆ, ಮಾಡಿನ ಮೇಲೆ ಎರಡಡಿ ಎದ್ದು ನಿಲ್ಲಬೇಕು.

ಸೌದೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಐದು ಜನರ ಮನೆಗೆ ದಿನಕ್ಕೆ ನೂರು ಲೀಟರು ಬಿಸಿನೀರು ಎಂದಿಟ್ಟುಕೊಳ್ಳೋಣ. ಒಣಸೌದೆಯ ಶಾಖವೆಲ್ಲ ನೀರಿಗೇ ಸೇರಿದರೆ ಒಂದು ಕಿಲೋ ಸೌದೆಯೂ ಬೇಡ! ತೆರೆದ ಒಲೆಯಲ್ಲಿ ಹತ್ತು ಪಾಲಿನಲ್ಲಿ ಒಂದೋ ಒಂದೂವರೆಯೋ ಪಾಲು ಮಾತ್ರ ನೀರಿಗೆ ಸೇರುತ್ತದಾದ್ದರಿಂದ ಐದಾರು ಕಿಲೋ ಉರಿಸುತ್ತೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಹಳ್ಳಿಯ ಮನೆಗಳಿಗೆಂದು ರೂಪಿಸಿದ ಅಸ್ತ್ರ ಒಲೆಯ ಗುಟ್ಟೂ ಇದೇ: ಜಾಲರಿಯ ಮೇಲಿನ ಸೌದೆ, ಪಾತ್ರೆಗೆ ಹೊಂದುವ ಕುಳಿ, ಅಳತೆಯ ಹೊಗೆಕೊಳವೆ. ಖರ್ಚು ಅರ್ಧಕ್ಕಿಳಿದರೆ ದಿನಕ್ಕೆ ಮೂರು ಕಿಲೋ, ವರ್ಷಕ್ಕೆ ಒಂದು ಟನ್ನಿನಷ್ಟು ಸೌದೆ ಉಳಿಯಿತು. ಮರಗಸಿಯಲ್ಲಿ ಸಿಕ್ಕಿದ ರೆಂಬೆಯೇ ಬಚ್ಚಲಿಗೆ ಸಾಕಾದೀತು.

ಇದಕ್ಕಿಂತ ದೊಡ್ಡ ಲಾಭ ಹೊಗೆಯದು. ಬಾಣಂತಿಗೆ ನೀರೆರೆಯುವಾಗ ಗಾಳಿ ಸೋಕಬಾರದೆಂದು ಬಾಗಿಲು ಹಾಕಿ, ಒಳಗೇ ಉರಿ ಹಾಕಿ, ಹೊಗೆಯಲ್ಲಿ ತಾಯಿಯನ್ನೂ ಕೂಸನ್ನೂ ಕೂರಿಸುವುದು ನಮ್ಮಲ್ಲಿ ನಡೆದುಬಂದಿದೆ. ನೀರು ಎರೆಯಿರಿ, ಬೇಡವೆನ್ನುವುದಿಲ್ಲ. ಹೊಗೆ ಹೊರಗಿರಲಿ.

ಹಂಡೆಯ ಬುಡದಿಂದ ಕೊಳವೆ ಎಳೆದು ನಲ್ಲಿ ಇಟ್ಟರೆ ಕುದಿನೀರನ್ನು ತಂಬಿಗೆಯಲ್ಲಿ ಮೊಗೆಯುವ ಅಪಾಯ ತಪ್ಪುತ್ತದೆ. ಮುಚ್ಚಿದ ಬಾಯ್ಲರು ಮಾಡಿಸುವವರು ಮಾತ್ರ ಒಂದು ಮಾತನ್ನು ಮರೆಯಬಾರದು. ಅದರ ನೆತ್ತಿಯಿಂದ ಹಬೆ ಹೋಗುವ ಕೊಳವೆ ಯಾವಾಗಲೂ ತೆರೆದೇ ಇರಬೇಕು. ಹಬೆ ವ್ಯರ್ಥವಾಗುತ್ತದೆಂದು ಅದಕ್ಕೆ ಬಿರಡೆ ಹಾಕಿದರೆ ಬಾಯ್ಲರು ಸಿಡಿಯುತ್ತದೆ.

ಈಗ ಅನೇಕರು ಒಲೆಯ ಗೊಡವೆಯೇ ಬೇಡವೆಂದು ಗ್ಯಾಸ್ ಗೀಸರು ಹಾಕಿಸಿಕೊಳ್ಳುತ್ತಿದ್ದಾರೆ. ಇಕ್ಕಟ್ಟಿನ ಬಚ್ಚಲಿಗೆ ಇದರಷ್ಟು ಅಪಾಯದ ವಸ್ತು ಇನ್ನೊಂದಿಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಚಳಿಗೆಂದು ಕಿಟಕಿ ಮುಚ್ಚಿರುತ್ತೇವೆ. ಉರಿ ಒಳಗಿನ ಗಾಳಿಯನ್ನು ತಿಂದು, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿತು ಎನ್ನುವಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ. ನಮ್ಮ ರಾಜ್ಯದಲ್ಲಿ ಹೀಗೆ ಎಷ್ಟೋ ಜೀವಗಳು ಹೋಗಿವೆ. ಗೀಸರನ್ನೂ ಸಿಲಿಂಡರನ್ನೂ ಹೊರಗೋಡೆಗೇ ಹಾಕಿಸಿ, ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಗೆ ತನ್ನಿರಿ. ಈಗಾಗಲೇ ಒಳಗಿದ್ದರೆ ಈ ವಾರವೇ ಹೊರಕ್ಕೆ ತೆಗೆಸಿರಿ. ವಿದ್ಯುತ್ತಿನ ಗೀಸರಿಗಾದರೆ ಒಳ್ಳೆಯ ಅರ್ಥಿಂಗೂ, ಸೋರಿಕೆಯಾದ ಕೂಡಲೇ ಕರೆಂಟು ಕಡಿಯುವ ಮೂವತ್ತು ಮಿಲಿಆಂಪಿಯರಿನ ಸ್ವಿಚ್ಚೂ ಬೇಕು. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ಲಿನ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ಮೇಲೆಯೇ ನೀರು ಮುಟ್ಟಿರಿ. ಸೂರ್ಯನ ಶಾಖದ ಹೀಟರು ಬಯಲುಸೀಮೆಗೆ ಸೊಗಸು. ನಮ್ಮಲ್ಲಿ ಬಿಸಿನೀರು ಹೆಚ್ಚಾಗಿ ಬೇಕಾದ ತಿಂಗಳುಗಳಲ್ಲೇ ಸೂರ್ಯ ರಜಾ ಹಾಕಿರುತ್ತಾನೆ.

ನೆಲದ ಅಳತೆ ನಾಲ್ಕಡಿಗೆ ಐದಡಿಗಿಂತ ಕಡಿಮೆಯಾಗಬಾರದು. ಒಂದಡಿ ಹೆಚ್ಚಿಗೆ ಸಿಕ್ಕಿದರೆ ಮುದುಕರನ್ನು ಹಿಡಿದುಕೊಂಡು ಸ್ನಾನ ಮಾಡಿಸಲು ಅನುಕೂಲ. ಆರಡಿ ಉದ್ದಕ್ಕೆ ಒಂದೂವರೆ ಇಂಚು ವಾಟ ಕೊಟ್ಟರೆ ನೀರು ನಿಲ್ಲುವುದಿಲ್ಲ. ನುಣುಪಾದ ರೆಡ್ ಆಕ್ಸೈಡು ನೋಡಲು ಚೆಂದ, ಆದರೆ ಮಳೆಗಾಲದಲ್ಲಿ ಅದರ ಮೇಲೆ ಹಾವಸೆ ಕಟ್ಟಿದರೆ ಸೊಂಟ ಮುರಿಯುವುದು ಖಂಡಿತ. ಒರಟು ಚಪ್ಪಡಿಯನ್ನೇ ಹಾಸಿರಿ. ಗೋಡೆಗೆ ಕೈಹಿಡಿಯಲು ಒಂದು ಜಿ.ಐ. ಪೈಪು, ಕುಳಿತುಕೊಳ್ಳಲು ಒಂದೂವರೆ ಅಡಿ ಎತ್ತರದ ಕಲ್ಲುಕಟ್ಟೆ. ಮೇಲೆ, ಮಾಡಿನ ಹತ್ತಿರ, ಗಾಳಿ ಬೆಳಕಿಗೆ ಎರಡು ಜಾಲರಿ ಇಟ್ಟಿಗೆ.

ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಸಣ್ಣ ಕೋಣೆಯೊಳಗೆ ಯಾರಾದರೂ ಜಾರಿ ಬಿದ್ದರೆ ದೇಹ ಬಾಗಿಲಿಗೇ ಅಡ್ಡವಾಗುತ್ತದೆ; ಒಳಕ್ಕೆ ತೆರೆಯುವ ಬಾಗಿಲನ್ನು ಆಗ ಹೊರಗಿನಿಂದ ನೂಕಿದಷ್ಟೂ ಬಿದ್ದವರಿಗೇ ಪೆಟ್ಟು.

ಷವರು ಬೇಕೆನ್ನುವ ಹುಡುಗರಿಗೆ ಒಂದು ಮಾತು. ಗುಡ್ಡದ ಮೇಲಿನ ಅಬ್ಬಿಯಿಂದ ಪೈಪಿನಲ್ಲಿ ನೀರು ತರುವ ಮನೆಗಳಿಗೆ ಪಂಪು ಬೇಕಾಗಿಲ್ಲ, ಮೂವತ್ತಡಿ ಇಳಿಜಾರಿದ್ದರೆ ಧಾರಾಳ ರಭಸ ಬರುತ್ತದೆ. ಮಾಡಿನ ಮೇಲೆ ಎರಡಡಿ ಎತ್ತರದಲ್ಲಿ ಡ್ರಮ್ಮಿಟ್ಟು ಷವರು ಹಾಕಿದರೆ ಮಾತ್ರ ತೊಟ್ಟಿಕ್ಕುತ್ತದೆ. ಡ್ರಮ್ಮಿಗೆ ಮುಚ್ಚಳ ಬೇಕೇ ಬೇಕು. ಡೆಂಗಿಯ ಸೊಳ್ಳೆ ಮೊಟ್ಟೆಯಿಡುವುದು ಶುದ್ಧ ನೀರಿನಲ್ಲಿ.

ಇನ್ನು ಬಳಸಿದ ನೀರಿನ ವಿಚಾರ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯ ಗುರಿ ತಲೆಗೆ ದಿನಕ್ಕೆ 55 ಲೀಟರು. ಐದು ಜನರಿಗೆ 275 ಲೀಟರಾಯಿತು, ಅದರ ಹೆಚ್ಚಿನ ಪಾಲು ಬಚ್ಚಲು ಮುಸುರೆಯಾಗಿ ಹೊರಕ್ಕೆ ಬರುತ್ತದೆ. ಬಯಲುಸೀಮೆಯವರಿಗೆ ಹೇಳುವಂತೆ ಇಂಗುಗುಂಡಿ ತೋಡಿರಿ ಎಂದು ನಿಮಗೆ ಕಣ್ಣು ಮುಚ್ಚಿಕೊಂಡು ಹೇಳಲಾರೆ. ಆಷಾಢದಲ್ಲಿ ನಮ್ಮ ತಗ್ಗಿನ ಮನೆಗಳಲ್ಲಿ ಒಂದು ಮೊಳ ಅಗೆದರೆ ನೀರು ಬರುತ್ತದೆ. ಅಲ್ಲಿ ಗುಂಡಿ ಇಂಗಿಸುವುದಿಲ್ಲ, ತುಂಬಿ ಮೇಲಕ್ಕೆ ಉಕ್ಕುತ್ತದೆ. ಎತ್ತರದ ಜಾಗದಲ್ಲಿ ಮನೆಯಿರುವವರು ಮೂರಡಿ ಚೌಕದ ಗುಂಡಿಗೆ ಕಲ್ಲು ತುಂಬಬಹುದು. ಮಿಕ್ಕವರು ಮೊದಲು ಕೂದಲು, ಸೋಪಿನ ಜಿಡ್ಡು ನಿಲ್ಲಲು ಒಂದು ಸಣ್ಣ ತೊಟ್ಟಿ ಕಟ್ಟಿ, ಅಲ್ಲಿಂದ ಬಾಳೆಗೋ ಕೆಸುವಿನ ಮಡಿಗೋ ಕಾಲುವೆ ಬಿಡುವುದು ಮೇಲು. ಯಾವುದೇ ಆದರೂ ಕುಡಿಯುವ ನೀರಿನ ಬಾವಿಯಿಂದ ಐವತ್ತಡಿ ದೂರ, ಬಾವಿಗಿಂತ ತಗ್ಗಿನಲ್ಲಿ ಇರಬೇಕು. ಹಳ್ಳಕ್ಕೆ ನೇರವಾಗಿ ಬಿಡಬೇಡಿ. ಹೇಮಾವತಿ ಹುಟ್ಟುವುದು ಇದೇ ಜಾವಳಿಯ ಹತ್ತಿರ. ನಾವು ಇಲ್ಲಿ ಬಿಟ್ಟದ್ದು ಗೊರೂರಿನ ಜಲಾಶಯವನ್ನು ಹಾದು, ಕನ್ನಂಬಾಡಿಯಲ್ಲಿ ಕಾವೇರಿಯನ್ನು ಸೇರುತ್ತದೆ. ಮೇಲಿನ ಗದ್ದೆಯವನು ನೀರು ಕೆಡಿಸಿದರೆ ಕೆಳಗಿನವನು ಸುಮ್ಮನಿರುತ್ತಾನೆಯೆ?

ಲೈನುಮನೆಗಳ ವಿಷಯ ಬಿಡುವಂತಿಲ್ಲ. ದೊಡ್ಡ ತೋಟಗಳ ಕೂಲಿಗಾರರಿಗೆ ಮನೆ ಒದಗಿಸುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯಿದೆಯೇ ಮಾಲೀಕರ ಮೇಲೆ ಹೊರಿಸಿತ್ತು. ಕಾಯಿದೆಯ ಮಾತು ಹಾಗಿರಲಿ. ನಮ್ಮಂಥ ಸಣ್ಣ ಬೆಳೆಗಾರರ ತೋಟದಲ್ಲಿ ಎರಡು ಮೂರು ಸಂಸಾರಗಳಿದ್ದರೂ, ಅವರ ಬಚ್ಚಲು ನಾಲ್ಕು ಗೋಣಿಚೀಲದ ಮರೆಯಾಗಿರುತ್ತದೆ. ಹಣ್ಣು ಕೊಯ್ಲಿಗೆ ಆಳು ಸಿಕ್ಕುವುದಿಲ್ಲವೆಂದು ದೂರುವವರು ಆ ಗೋಣಿಚೀಲದ ಕಡೆಗೂ ಒಮ್ಮೆ ನೋಡಬೇಕು. ಎರಡು ಸಂಸಾರಕ್ಕೆ ಒಂದು ಹಂಡೆ, ನಡುವೆ ಗೋಡೆ, ಎರಡು ಕೋಣೆ, ಎರಡು ಬಾಗಿಲು ಎಂದು ಕಟ್ಟಿಸಿದರೆ ಖರ್ಚೂ ಕಡಿಮೆ.

ಕೆಲಸಕ್ಕೆ ಕಾಲ, ಕೊಯ್ಲು ಮುಗಿದ ಮೇಲೆ, ಮುಂಗಾರಿಗೆ ಮುಂಚೆ. ಮೊದಲು ನೀರು ಹೋಗುವ ದಾರಿ ತೋಡಿಸಿರಿ, ಆಮೇಲೆ ನೆಲ, ಆಮೇಲೆ ಒಲೆ. ಒಲೆ ಮೊದಲು ಕಟ್ಟಿದರೆ ನೆಲದ ವಾಟಕ್ಕಾಗಿ ಅದನ್ನೇ ಮತ್ತೆ ಒಡೆಯಬೇಕಾದೀತು. ನೆಲಕ್ಕೆ ಒಂದು ವಾರ ನೀರುಣಿಸಿರಿ. ಒಲೆಯ ಮಣ್ಣು ಪೂರ್ತಿ ಆರಿದ ಮೇಲೆ, ಮೊದಲ ಎರಡು ದಿನ ಸಣ್ಣ ಉರಿ ಮಾತ್ರ ಹಾಕಿರಿ.