ಶರತ್ಕಾಲದ ಮನೆಗಂಪು



ಶರತ್ಕಾಲವೆಂದೊಡನೆ ನಮ್ಮ ಕವಿಗಳಿಗೆ ನೆನಪಾಗುವುದು ತಿಳಿಯಾದ ಆಕಾಶ, ಬೆಳುದಿಂಗಳು. ವಿಜಯಪುರದ ಸೀಮೆಯಲ್ಲಿ ಬೆಳೆದ ನನಗಾದರೋ ಮೊದಲು ನೆನಪಾಗುವುದು ಮನೆಯ ವಾಸನೆ. ಗೋಳಗುಮ್ಮಟದ ಸುತ್ತಲಿನ ಓಣಿಗಳಿರಲಿ, ತಿಕೋಟಾ, ಬಬಲೇಶ್ವರದ ಕಡೆಯ ಎರೆಭೂಮಿಯ ಹಳ್ಳಿಗಳಿರಲಿ, ಈ ಭಾಗದಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್ ತಿಂಗಳಲ್ಲಿ. ಮಣ್ಣಿನ ಮಾಳಿಗೆಯ ಮನೆಗಳು ಆಗ ತೇವ ಹೀರಿ ಮುಗ್ಗಲು ವಾಸನೆ ಹಿಡಿಯುತ್ತಿದ್ದವು. ಅದರ ಬೆನ್ನಿಗೇ ನವರಾತ್ರಿ ಬರುತ್ತಿತ್ತು.

ಮಹಾನವಮಿಗೆ ಮುನ್ನ ಮನೆಯ ಕೌದಿಗಳನ್ನೆಲ್ಲ ಹಳ್ಳಕ್ಕೋ ಬಾವಿಗೋ ಒಯ್ದು, ಒಗೆದು, ಬಿಸಿಲಿಗೆ ಹರವುವುದು ನಮ್ಮ ಕಡೆಯ ನಿಯಮ. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿಯ ಸಾರಣೆ, ಆಮೇಲೆ ಘಟಸ್ಥಾಪನೆ. ಧೂಪಕ್ಕೆ ಪಾಳಿ ಬರುತ್ತಿದ್ದುದು ಅದಾದ ಮೇಲೆ. ಈ ಅನುಕ್ರಮದಲ್ಲಿ ದೊಡ್ಡ ವಿವೇಕವಿದೆ. ಬೂಷ್ಟು ಬೆಳೆಯುವುದು ತೇವದಲ್ಲಿ. ತೇವ ಕಳೆಯದೆ ಕಂಪು ತಂದರೆ ಎರಡು ವಾಸನೆಗಳು ಕಲಸಿಕೊಳ್ಳುತ್ತವೆ, ಅಷ್ಟೆ. ಇಂದು ಅಂಗಡಿಯ ಸುವಾಸನೆಯ ಡಬ್ಬಿಯನ್ನು ಬಾಗಿಲು ಹಾಕಿದ ಕೋಣೆಯಲ್ಲಿ ಸಿಂಪಡಿಸುವವರು ಮಾಡುತ್ತಿರುವುದು ಅದನ್ನೇ.

ನಾನು ಕನ್ನಡದ ಅಧ್ಯಾಪಕನಾಗಿದ್ದವನು. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವನ್ನು ಕುರಿತು ಅನೇಕ ವರ್ಷ ಪಾಠ ಹೇಳಿದ್ದೇನೆ. ನೀರಿನ ಸೆಲೆ, ಮನೆಯ ಕಟ್ಟಡ, ಗಿಡಮರಗಳ ಆರೈಕೆಗಳೊಡನೆ ಸುಗಂಧದ್ರವ್ಯಗಳನ್ನೂ ಅಡುಗೆಯನ್ನೂ ಒಂದೇ ಗ್ರಂಥದಲ್ಲಿ ಹೇಳಿದ ಕೃತಿ ಅದು. ಗಂಧವೂ ಪಾಕವೂ ಒಂದೇ ಗೃಹಕೃತ್ಯದ ಎರಡು ಮುಖಗಳೆಂದು ಅವನು ಬಲ್ಲನು. ನಮ್ಮ ಊರಿನಲ್ಲೇ, 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನಿಗಾಗಿ ನಿಜಾಮುದ್ದೀನ್ ಮಹಮೂದನೆಂಬಾತ ‘ಇತ್ರ್-ಎ-ನೌರಸ್ ಶಾಹಿ’ ಎಂಬ ಪರಿಮಳಶಾಸ್ತ್ರವನ್ನೇ ಬರೆದನು. ಇವನ್ನೆಲ್ಲ ತರಗತಿಯಲ್ಲಿ ಅಭಿಮಾನದಿಂದ ವಿವರಿಸಿ ಮನೆಗೆ ಬಂದರೆ, ನನ್ನ ಶ್ರೀಮತಿ ನಕ್ಕು ಅನ್ನುತ್ತಿದ್ದಳು: “ಪುಸ್ತಕದಾಗಿನ ವಾಸನಿ ಊರಿಗೆಲ್ಲ ಹೇಳ್ತೀರಿ. ಒಂದಿನ ಒಲಿ ಮುಂದ ಕುಂತ ನೋಡ್ರಿ.”

ನಾನು ಕೂಡಲಿಲ್ಲ. ಹುರಿದ ಗುರೆಳ್ಳಿನ ಕಂಪು ಪಡಸಾಲೆಗೆ ಬಂದಾಗ ಹಿಗ್ಗಿದೆನೇ ಹೊರತು, ಅದೇ ಒಲೆಯ ಹೊಗೆ ಅವಳ ಕಣ್ಣಿಗೂ ಎದೆಗೂ ಹೋಗುತ್ತಿದೆಯೆಂದು ಎಣಿಸಲಿಲ್ಲ. ಅನಿಲದ ಒಲೆ ನಮ್ಮ ಮನೆಗೆ ತಡವಾಗಿ ಬಂದಿತು. ಅವಳು ತೀರಿಕೊಂಡ ವರ್ಷದ ದಸರೆಯಲ್ಲಿ ಮನೆ ಶುಚಿಯಾಗಿತ್ತು, ದೀಪವಿತ್ತು, ಊದುಬತ್ತಿಯೂ ಇತ್ತು. ಆದರೂ ಅದು ನಮ್ಮ ಮನೆಯ ವಾಸನೆಯಾಗಿರಲಿಲ್ಲ. ಆಗ ನಾನು ಮೊದಲ ಸಲ ಬಾಣಲೆ ಹಿಡಿದೆ.

ಗುರೆಳ್ಳನ್ನು ಸಣ್ಣ ಉರಿಯಲ್ಲಿ, ಕೈಯಾಡಿಸುತ್ತ ಹುರಿಯಬೇಕು. ಚಟಪಟ ಸದ್ದು ಕೇಳಿ ಕಂಪೆದ್ದೊಡನೆ ಇಳಿಸಬೇಕು. ಕಪ್ಪು ಕಾಳಾದ್ದರಿಂದ ಸೀದದ್ದು ಕಣ್ಣಿಗೆ ತಿಳಿಯದು, ಮೂಗೇ ಸಾಕ್ಷಿ. ನನ್ನ ಮೊದಲ ಚಟ್ನಿ ಕಹಿಯಾಯಿತು. ಎರಡನೆಯ ಸಲ ಆರಿಸಿದ ಕಾಳಿಗೆ ಬೆಳ್ಳುಳ್ಳಿ, ಜೀರಿಗೆ, ಖಾರ, ಉಪ್ಪು ಕೂಡಿಸಿ ಕುಟ್ಟಿದೆ, ತಿನ್ನುವಂತಾಯಿತು. ಎಣ್ಣೆಯ ಅಂಶ ಹೆಚ್ಚಿರುವುದರಿಂದ ಬಹಳ ದಿನ ಇಟ್ಟರೆ ಕಮಟು ಹಿಡಿಯುತ್ತದೆ; ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳುವುದು ಲೇಸು. ಶೇಂಗಾ, ಗುರೆಳ್ಳು, ಎಳ್ಳು, ಒಣಕೊಬ್ಬರಿಗಳನ್ನು ಬೇರೆ ಬೇರೆ ಹುರಿದು, ಪುಡಿಮಾಡಿ, ಹುಣಸೆ, ಬೆಲ್ಲ, ಖಾರದೊಡನೆ ಎಳೆಯ ಬದನೆಯಲ್ಲಿ ತುಂಬಿ ಬೇಯಿಸಿದರೆ ಎಣಗಾಯಿ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಹುಳಿಯಾದ ಪುಂಡಿಪಲ್ಯ, ಕಡುಬು ಸೇರಿದರೆ ಸೀಗೆ ಹುಣ್ಣಿಮೆಯ ಬುತ್ತಿ ಸಿದ್ಧ. ಹೊಲದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ, ಭೂತಾಯಿಗೆ ಉಣಿಸಿದ ಮೇಲೆಯೇ ನಮ್ಮ ಊಟ.

ಅಡುಗೆ ಮುಗಿದ ಮೇಲೆ ಉಳಿಯುವ ಒಗ್ಗರಣೆಯ ಘಾಟಿಗೂ ಅಡುಗೆಮನೆಯಲ್ಲೇ ಮದ್ದಿದೆ. ಇಂಡಿಯ ಲಿಂಬೆ ನಮ್ಮ ಜಿಲ್ಲೆಯ ಹೆಮ್ಮೆ. ಹಿಂಡಿದ ಸಿಪ್ಪೆಯನ್ನು ಎಸೆಯದೆ, ನಾಲ್ಕು ಲವಂಗ, ಒಂದು ತುಂಡು ದಾಲ್ಚಿನ್ನಿಯೊಡನೆ ನೀರಿನಲ್ಲಿ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿರಿ. ಸಿಪ್ಪೆಯಲ್ಲಿರುವ ತೈಲ ಹಬೆಯೊಡನೆ ಏಳುತ್ತದೆ. ನೀರು ಬತ್ತದಂತೆ ನೋಡಿಕೊಂಡರೆ ಸಾಕು. ಕಪಾಟಿನ ಮುಗ್ಗಲಿಗೆ ಬಟ್ಟಲಿನಲ್ಲಿ ಅಡುಗೆ ಸೋಡಾ ಇಟ್ಟು, ಬಟ್ಟೆಗಳ ನಡುವೆ ಲಾವಂಚದ ಬೇರು ಇರಿಸಬಹುದು. ಬೇವಿನ ಸೊಪ್ಪು, ಲೋಬಾನಗಳ ಧೂಪ ಹಾಕುವವರು ಕಿಟಕಿ ತೆರೆದು ಸ್ವಲ್ಪ ಹೊತ್ತು ಮಾತ್ರ ಹಾಕಲಿ. ಹೊಗೆ ಎಷ್ಟು ಸುಗಂಧವಾದರೂ ಹೊಗೆಯೇ. ಉಬ್ಬಸವುಳ್ಳವರಿಗೂ ಹಸುಗೂಸುಗಳಿಗೂ ಅದು ಹಿತವಲ್ಲ.

ಈಗ ಸಂಜೆ ನಾನು ಗುರೆಳ್ಳು ಹುರಿಯುವಾಗ ಪಕ್ಕದ ಮನೆಯ ಹುಡುಗ ಬಾಗಿಲಲ್ಲಿ ನಿಂತು, “ಅಜ್ಜಾ, ಅಜ್ಜಿ ಮಾಡಿದಂಗ ವಾಸನಿ ಬರಾಕತ್ತೈತಿ” ಅನ್ನುತ್ತಾನೆ. ಅವನಿಗೂ ಒಂದು ರೊಟ್ಟಿಯ ಮೇಲೆ ಚಟ್ನಿ ಹಾಕಿ, ಮೇಲಿಷ್ಟು ಎಣ್ಣೆ ಬಿಟ್ಟು ಕೊಡುತ್ತೇನೆ. ಅವನ ಮಾತು ಸಂತೋಷ ತರುತ್ತದೆ. ನಲವತ್ತು ವರ್ಷ ತಡವಾಯಿತೆಂಬ ನೋವನ್ನೂ ತರುತ್ತದೆ.

ಕೇಳುತ್ತಿರುವ ಗೃಹಸ್ಥರಲ್ಲಿ ನನ್ನದೊಂದು ಬಿನ್ನಹ. ಈ ಸಲದ ಸೀಗೆ ಹುಣ್ಣಿಮೆಗೆ ಕೌದಿಯ ಒಂದು ತುದಿಯನ್ನು ನೀವೂ ಹಿಡಿದು ಹಿಂಡಿರಿ. ಎಣಗಾಯಿಗೆ ಶೇಂಗಾ ನೀವೇ ಹುರಿಯಿರಿ. ಮನೆಯಾಕೆ ಅಷ್ಟು ಹೊತ್ತು ಪಡಸಾಲೆಯಲ್ಲಿ ಕುಳಿತು, ಆ ಕಂಪು ತನ್ನ ಕಡೆಗೆ ಬರುವುದನ್ನು ಒಮ್ಮೆ ಅನುಭವಿಸಲಿ.