ಸಮಾಧಿಯ ಮೇಲಿನ ಕಲ್ಲುಹೂವು



ನವೆಂಬರ್ 2ರ ಮೃತರ ಸ್ಮರಣೆಗೆಂದು ನಾವೆಲ್ಲ ಹಿರಿಯರ ಸಮಾಧಿಗಳನ್ನು ತೊಳೆಯುತ್ತೇವೆ. ಕಲ್ಲಿಗಂಟಿದ ಬೂದು ಚಕ್ಕೆಗಳನ್ನು ಕಂಡೊಡನೆ ಕೈ ತಂತಿ ಬ್ರಷ್ಷಿಗೆ, ಆಸಿಡ್ ಬಾಟಲಿಗೆ ಹೋಗುತ್ತದೆ. ಅದು ಕೊಳೆಯಲ್ಲ, ಕಲ್ಲುಹೂವು. ನಮ್ಮ ರಾಗಿಗುಡ್ಡದಂಥ ಬಿಸಿಲ ಬಂಡೆಗಳ ಮೇಲೆ ಬೆಳೆಯುವಂಥದ್ದು. ಅದರದೇ ಒಂದು ಬಗೆ ನಮ್ಮ ಮಸಾಲೆ ಡಬ್ಬಿಯಲ್ಲೂ ಇದೆ! ಅದರಲ್ಲಿ ಇಬ್ಬರ ಸಂಸಾರ: ಶಿಲೀಂಧ್ರ ಆಸರೆ ಕೊಡುತ್ತದೆ, ಪಾಚಿ ಬಿಸಿಲಿನಿಂದ ಅನ್ನ ಮಾಡುತ್ತದೆ. ಬೇಸಿಗೆಯಲ್ಲಿ ಒಣಗಿ ಸತ್ತಂತಿದ್ದದ್ದು ಮಳೆಗೆ ಮತ್ತೆ ಹಸಿರಾಗುತ್ತದೆ. ಕಲ್ಲಿಗೆ ಅಂಟಿ ಬೆಳೆಯುವ ಬಗೆಗಳು ವರ್ಷಕ್ಕೆ ಒಂದೆರಡು ಮಿಲಿಮೀಟರ್ ಹರಡಿದರೆ ಹೆಚ್ಚು.

ಆಸಿಡ್ಡೋ, ಅಮೃತಶಿಲೆಯನ್ನೂ ಸಿಮೆಂಟನ್ನೂ ತಿನ್ನುತ್ತದೆ. ಅಜ್ಜ ಅಜ್ಜಿಯರ ಹೆಸರನ್ನು ಕಲ್ಲುಹೂವಿಗಿಂತ ಬೇಗ ನಾವೇ ಅಳಿಸಿಬಿಡುತ್ತೇವೆ! ಜಾರುವ ಮೆಟ್ಟಿಲ ಪಾಚಿಯನ್ನು ಧಾರಾಳವಾಗಿ ಉಜ್ಜೋಣ. ಸಮಾಧಿಗೆ ನೀರು, ಮೆತ್ತನೆಯ ಬ್ರಷ್ಷು ಸಾಕು.